ಬೇಲಿ ಹಾರುವ ಕುದುರೆಗೆ ಬೇರೆಯದೇ ಅಭಿಮಾನ

(ಓದುಗರ ಬಳಗವೊಂದರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಕುದುರೆ ರೇಸಿನ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ತಪ್ಪೇನಿಲ್ಲ. ನಮ್ಮಲ್ಲಿ ರೇಸು ಎಂದರೆ ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆಮಠ ಕಳೆದುಕೊಂಡವರ ಕತೆ. ರೇಸ್‌ಕೋರ್ಸಿಗೆ ಹೋಗಿ ಬಂದವರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ನೆನಪಿರುತ್ತದೆ. ಓಡಿದ ಕುದುರೆ ನೆನಪಿರುವುದು ಕಡಿಮೆ. ಇವತ್ತು ನಾನು ಹೇಳಹೊರಟಿರುವುದು ದುಡ್ಡಿನ ಕತೆಯಲ್ಲ, ಕುದುರೆಯ ಮೇಲಿನ ಅಭಿಮಾನದ ಕತೆ. ಒಂದೇ ದೇಶದಲ್ಲಿ, ಒಂದೇ ಜಾತಿಯ ಕುದುರೆಯ ಮೇಲೆ ಆ ಅಭಿಮಾನ ಎರಡು ದಾರಿಯಲ್ಲಿ ಹರಿದ ಕತೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಅಂಚಿನಲ್ಲಿ ಏನ್‌ಟ್ರೀ ಎಂಬ ರೇಸ್ ಮೈದಾನವಿದೆ. ಅಲ್ಲಿ ಗೆಲುವಿನ ಕಂಬದ ಬಳಿಯಲ್ಲೇ ಒಂದು ಸಮಾಧಿ ಇದೆ. ಅದು ಯಾವ ರಾಜನದೂ ಅಲ್ಲ, ಯಾವ ಧಣಿಯದೂ ಅಲ್ಲ. ರೆಡ್ ರಮ್ ಎಂಬ ಕುದುರೆಯದು. 1995ರ ಅಕ್ಟೋಬರ್‌ನಲ್ಲಿ, 30ನೇ ವಯಸ್ಸಿನಲ್ಲಿ ಅದು ಸತ್ತಾಗ ಮನೆಯ ಹಿರಿಯರೊಬ್ಬರು ಹೋದಂತೆ ಜನ ಮರುಗಿದರು. ಅದು ಕೊನೆಯ ಬಾರಿ ದೊಡ್ಡ ರೇಸು ಗೆದ್ದು ಆಗಲೇ 18 ವರ್ಷ ಆಗಿತ್ತು.

ಇನ್ನೊಂದು ಕಡೆ ಫ್ರಾಂಕೆಲ್ ಎಂಬ ಕುದುರೆ. 2010ರಿಂದ 2012ರವರೆಗೆ 14 ಬಾರಿ ಓಡಿತು, 14 ಬಾರಿಯೂ ಗೆದ್ದಿತು. ಓಟದ ಲೆಕ್ಕದಲ್ಲಿ ಅದಕ್ಕೆ ಸಾಟಿಯಾದ ಕುದುರೆ ಹುಡುಕುವುದು ಕಷ್ಟ. ಹದಿನಾಲ್ಕನೆಯ ಗೆಲುವಿನ ನಂತರ ಅದು ಮೈದಾನಕ್ಕೆ ಮರಳಲಿಲ್ಲ. ಬೀಜದ ಕುದುರೆಯಾಗಿ ತಳಿ ಕೇಂದ್ರಕ್ಕೆ ಹೋಯಿತು. ಮೊದಲ ವರ್ಷವೇ ಅದರ ಒಂದು ಬೆದೆಗೆ ನಿಗದಿಯಾದ ಶುಲ್ಕ 1,25,000 ಪೌಂಡ್.

ಮೊದಲನೆಯದು ಜಂಪ್ ರೇಸಿನ ಕುದುರೆ, ಎರಡನೆಯದು ಫ್ಲಾಟ್ ರೇಸಿನದು. ಬ್ರಿಟನ್ ಮತ್ತು ಐರ್ಲೆಂಡಿನ ರೇಸ್ ಅಭಿಮಾನಿಗಳಲ್ಲಿ ಇವೆರಡರ ನಡುವಿನ ವಾದ ಮುಗಿಯುವಂಥದ್ದಲ್ಲ. ಒಬ್ಬರು ಇನ್ನೊಬ್ಬರನ್ನು ಕೆಣಕುತ್ತಾರೆ. ಫ್ಲಾಟ್‌ನವರು ‘ನಿಮ್ಮದು ನಿಧಾನ ಕುದುರೆಗಳ ಆಟ’ ಎನ್ನುತ್ತಾರೆ. ಜಂಪ್‌ನವರು ‘ನಿಮ್ಮದು ಆಟವೇ ಅಲ್ಲ, ತಳಿ ವ್ಯಾಪಾರ’ ಎನ್ನುತ್ತಾರೆ. ಈ ಜಗಳದ ಒಳಗೇನಿದೆ ಎಂದು ನೋಡೋಣ.

ಎರಡು ಬಗೆಯ ಓಟ

ಮೊದಲು ವ್ಯತ್ಯಾಸ ಹೇಳಿಬಿಡುತ್ತೇನೆ. ಫ್ಲಾಟ್ ರೇಸ್ ಎಂದರೆ ಯಾವ ಅಡ್ಡಿಯೂ ಇಲ್ಲದ ಹುಲ್ಲಿನ ಮೇಲಿನ ಓಟ. ಐದು ಫರ್ಲಾಂಗಿನಿಂದ ಹಿಡಿದು ಎರಡೂವರೆ ಮೈಲಿಯ ಆಸುಪಾಸಿನವರೆಗೆ ಇರುತ್ತದೆ. ಬೆಂಗಳೂರು ಟರ್ಫ್ ಕ್ಲಬ್, ಮೈಸೂರು ರೇಸ್ ಕ್ಲಬ್‌ಗಳಲ್ಲಿ ನಾವು ನೋಡುವುದು ಇದನ್ನೇ. ಹಾಗಾಗಿ ‘ರೇಸು’ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದೂ ಇದೇ.

ಜಂಪ್ ರೇಸಿನಲ್ಲಿ ಕುದುರೆ ಓಡುವುದರ ಜೊತೆಗೆ ದಾರಿಗೆ ಅಡ್ಡ ಕಟ್ಟಿದ ಬೇಲಿಗಳನ್ನು ಹಾರಬೇಕು. ಇದರಲ್ಲಿ ಎರಡು ಬಗೆ. ಹರ್ಡಲ್ ಓಟದ ಅಡ್ಡಿ ಮೂರೂವರೆ ಅಡಿಯಷ್ಟು ಎತ್ತರ. ಕಾಲು ತಗುಲಿದರೆ ಬಾಗುವಂಥದ್ದು. ಸ್ಟೀಪಲ್‌ಚೇಸ್‌ನ ಬೇಲಿ ಕನಿಷ್ಠ ನಾಲ್ಕೂವರೆ ಅಡಿ. ಬರ್ಚ್ ಮರದ ಕಡ್ಡಿಗಳನ್ನು ಒತ್ತಾಗಿ ಕಟ್ಟಿ ನಿಲ್ಲಿಸಿದ್ದು. ದೂರ ಸುಮಾರು ಎರಡು ಮೈಲಿಯಿಂದ ಶುರು. ಏನ್‌ಟ್ರೀಯ ಗ್ರ್ಯಾಂಡ್ ನ್ಯಾಷನಲ್‌ನಲ್ಲಂತೂ ನಾಲ್ಕೂಕಾಲು ಮೈಲಿಗೂ ಹೆಚ್ಚು ಓಡಿ 30 ಬೇಲಿ ಹಾರಬೇಕು.

ಕಾಲವೂ ಬೇರೆ. ಫ್ಲಾಟ್‌ನ ದೊಡ್ಡ ರೇಸುಗಳೆಲ್ಲ ಬೇಸಿಗೆಯವು. ರಾಯಲ್ ಆಸ್ಕಟ್‌ನಲ್ಲಿ ರಾಜಮನೆತನದವರು ಸಾರೋಟಿನಲ್ಲಿ ಬರುತ್ತಾರೆ; ಗಂಡಸರು ಎತ್ತರದ ಕರಿ ಟೋಪಿ, ಹೆಂಗಸರು ಹೂ ಗರಿಗಳ ಟೋಪಿ ಹಾಕುತ್ತಾರೆ. ಜಂಪ್ ರೇಸಿನ ಮುಖ್ಯ ಕಾಲ ಚಳಿಗಾಲ. ಆಗ ನೆಲ ಮಳೆಗೆ ಮೆದುವಾಗಿರುತ್ತದೆ, ಹಾರಿ ಇಳಿಯುವ ಕಾಲಿಗೆ ಪೆಟ್ಟು ಕಡಿಮೆ. ನೋಡುವವರಿಗೆ ಮಾತ್ರ ಮಂಜು, ಮಳೆ, ಮೊಣಕಾಲವರೆಗೆ ಕೆಸರು. ಉಣ್ಣೆಯ ಕೋಟು ಹೊದ್ದು ಆ ಚಳಿಯಲ್ಲಿ ನಿಂತವರಿಗೆ ತಾವು ಸುಮ್ಮನೆ ಬಂದವರಲ್ಲ ಎಂಬ ಸಣ್ಣ ಹೆಮ್ಮೆ ಇರುತ್ತದೆ. ಅವರ ಅಭಿಮಾನಕ್ಕೆ ಅದೂ ಒಂದು ಪಾಯ.

ಅರಮನೆಯ ಬಯಲು, ಹಳ್ಳಿಯ ಬೇಲಿ

ಎರಡರ ಹುಟ್ಟೂ ಬೇರೆ ಬೇರೆ. ಫ್ಲಾಟ್ ರೇಸು ಬೆಳೆದದ್ದು ರಾಜರ, ಶ್ರೀಮಂತರ ಆಶ್ರಯದಲ್ಲಿ. ಪೂರ್ವ ದೇಶಗಳಿಂದ ತಂದ ಗಂಡು ಕುದುರೆಗಳನ್ನು ಇಂಗ್ಲೆಂಡಿನ ಹೆಣ್ಣು ಕುದುರೆಗಳಿಗೆ ಕೂಡಿಸಿ ಬೆಳೆಸಿದ ತಳಿಯೇ ಥರೋಬ್ರೆಡ್. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತತಿಯ ಸಾಲು ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ. 1791ರಲ್ಲಿ ಇವುಗಳ ವಂಶಾವಳಿಗೆಂದೇ ಜನರಲ್ ಸ್ಟಡ್ ಬುಕ್ ಎಂಬ ಪುಸ್ತಕ ಬಂತು. ಅದಕ್ಕೂ ಮುಂಚೆ, 1780ರಲ್ಲಿ, ಎಪ್ಸಮ್‌ನಲ್ಲಿ ಡರ್ಬಿ ಆರಂಭವಾಗಿತ್ತು. ಡರ್ಬಿ ಮೂರು ವರ್ಷದ ಕುದುರೆಗಳ ಓಟ. ಒಂದು ಕುದುರೆಗೆ ಜನ್ಮದಲ್ಲಿ ಒಂದೇ ಅವಕಾಶ.

ಡರ್ಬಿಯ ಒಂದು ನಿಯಮವನ್ನು ನೀವು ಗಮನಿಸಬೇಕು. ಬೀಜ ತೆಗೆದ ಕುದುರೆಗೆ ಅಲ್ಲಿ ಪ್ರವೇಶವಿಲ್ಲ. ಕಾರಣ ಸರಳ. ಯಾವ ಕುದುರೆಯ ರಕ್ತ ಮುಂದಿನ ಪೀಳಿಗೆಗೆ ಹೋಗಬೇಕು ಎಂದು ಗೊತ್ತುಮಾಡುವ ಪರೀಕ್ಷೆ ಅದು. ಮಕ್ಕಳನ್ನು ಹುಟ್ಟಿಸಲಾರದ ಕುದುರೆ ಗೆದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ಸ್ಟೀಪಲ್‌ಚೇಸ್ ಹುಟ್ಟಿದ್ದು ಹೊಲಗದ್ದೆಗಳ ನಡುವೆ. ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ 1752ರಲ್ಲಿ ಇಬ್ಬರು ಪಂಥ ಕಟ್ಟಿದರು ಎಂದು ಹೇಳುತ್ತಾರೆ. ಬಟವಂಟ್ ಎಂಬ ಊರಿನ ಚರ್ಚಿನಿಂದ ಡಾನರೇಲ್ ಎಂಬ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕೂವರೆ ಮೈಲಿ. ದಾರಿ ಹಿಡಿದು ಹೋಗುವಂತಿಲ್ಲ. ದೂರಕ್ಕೆ ಕಾಣುವ ಚರ್ಚಿನ ಗೋಪುರವನ್ನೇ ಗುರಿಯಾಗಿಟ್ಟು ನಡುವೆ ಬರುವ ಬೇಲಿ, ಗೋಡೆ, ಹಳ್ಳ ಎಲ್ಲವನ್ನೂ ಹಾರಿ ಹೋಗಬೇಕು. ಚರ್ಚಿನ ಗೋಪುರಕ್ಕೆ ಇಂಗ್ಲಿಷಿನಲ್ಲಿ ಸ್ಟೀಪಲ್ ಎನ್ನುತ್ತಾರೆ. ಅದನ್ನು ಬೆನ್ನಟ್ಟಿದ ಓಟ ಸ್ಟೀಪಲ್‌ಚೇಸ್ ಆಯಿತು. ಬೇಟೆಗೆ ಕುದುರೆ ಸಾಕಿದ ಜಮೀನುದಾರರು, ರೈತರು, ಸೈನ್ಯದ ಅಧಿಕಾರಿಗಳು ಇದನ್ನು ಬೆಳೆಸಿದರು. ಮೊದಲ ಗ್ರ್ಯಾಂಡ್ ನ್ಯಾಷನಲ್ ಎಂದು ಸಾಮಾನ್ಯವಾಗಿ ಎಣಿಸುವ 1839ರ ರೇಸಿನಲ್ಲಿ ಕ್ಯಾಪ್ಟನ್ ಬೀಚರ್ ಎಂಬಾತ ಒಂದು ಬೇಲಿಯಾಚೆಯ ಹಳ್ಳಕ್ಕೆ ಬಿದ್ದ. ಆ ಬೇಲಿಯನ್ನು ಇಂದಿಗೂ ಬೀಚರ್ಸ್ ಬ್ರುಕ್ ಎಂದೇ ಕರೆಯುತ್ತಾರೆ. ಗೆದ್ದ ಕುದುರೆ ಲಾಟರಿಯ ಹೆಸರು ಬಲ್ಲವರಿಗಿಂತ ಬಿದ್ದವನ ಹೆಸರು ಬಲ್ಲವರೇ ಹೆಚ್ಚು.

ಹಾಗೆಂದು ಎರಡರ ನಡುವೆ ಗೋಡೆಯೇನೂ ಇಲ್ಲ. ಐರ್ಲೆಂಡಿನ ತರಬೇತುದಾರ ವಿನ್ಸೆಂಟ್ ಓಬ್ರಿಯನ್ 1953ರಿಂದ 1955ರವರೆಗೆ ಸತತ ಮೂರು ಗ್ರ್ಯಾಂಡ್ ನ್ಯಾಷನಲ್ ಗೆದ್ದು, ಆಮೇಲೆ ಫ್ಲಾಟ್‌ಗೆ ಹೊರಳಿ ಆರು ಡರ್ಬಿ ಗೆದ್ದರು. ಕುದುರೆ ಬಲ್ಲವನಿಗೆ ಎರಡೂ ಒಂದೇ. ಎರಡಾಗಿರುವುದು ನೋಡುವವನ ಮನಸ್ಸು.

ಕಾಲ ಕೊಟ್ಟ ಅಭಿಮಾನ

ಜಂಪ್ ರೇಸಿನ ಅಭಿಮಾನಿಗಳನ್ನು ಕೇಳಿದರೆ ಬರುವ ಮೊದಲ ಉತ್ತರ: ‘ನಮ್ಮ ಕುದುರೆ ಮತ್ತೆ ಬರುತ್ತದೆ.’ ನನಗೆ ತೋರುವಂತೆ ಇಡೀ ವಿಷಯದ ಕೀಲಿ ಇಲ್ಲಿಯೇ ಇದೆ.

ಫ್ಲಾಟ್ ಕುದುರೆ ಎರಡನೇ ವಯಸ್ಸಿಗೆ ಓಟ ಶುರುಮಾಡುತ್ತದೆ. ಮೂರನೇ ವಯಸ್ಸಿಗೆ ಡರ್ಬಿಯಂಥ ರೇಸು ಗೆದ್ದರೆ ಅದರ ಬೆಲೆ ಮೈದಾನದಲ್ಲಿ ಗಳಿಸಬಹುದಾದ ಬಹುಮಾನಕ್ಕಿಂತ ಎಷ್ಟೋ ಪಾಲು ಹೆಚ್ಚುತ್ತದೆ. ಇನ್ನೂ ಓಡಿಸಿದರೆ ಸೋಲಬಹುದು, ಕಾಲು ಮುರಿಯಬಹುದು. ಒಡೆಯನ ಲೆಕ್ಕದಲ್ಲಿ ತಳಿ ಕೇಂದ್ರಕ್ಕೆ ಕಳಿಸುವುದೇ ಜಾಣತನ. ಹೀಗಾಗಿ ಜನ ಇನ್ನೇನು ಪರಿಚಯ ಮಾಡಿಕೊಳ್ಳಬೇಕು ಎನ್ನುವಷ್ಟರಲ್ಲಿ ಕುದುರೆ ಹೊರಟುಹೋಗಿರುತ್ತದೆ. 1981ರ ಡರ್ಬಿಯನ್ನು ಹತ್ತು ಕುದುರೆ ಉದ್ದದ ಅಂತರದಿಂದ ಗೆದ್ದ ಶೆರ್ಗಾರ್ ಇಡೀ ಬಾಳಿನಲ್ಲಿ ಓಡಿದ್ದು ಎಂಟೇ ಬಾರಿ. 1983ರ ಫೆಬ್ರುವರಿಯಲ್ಲಿ ಐರ್ಲೆಂಡಿನ ತಳಿ ಕೇಂದ್ರದಿಂದ ಅದನ್ನು ಅಪಹರಿಸಿದರು, ಮತ್ತೆ ಸಿಗಲಿಲ್ಲ. ಜನರಿಗೆ ಅದರ ಓಟಕ್ಕಿಂತ ಅಪಹರಣವೇ ಹೆಚ್ಚು ನೆನಪಾಗಿ ಉಳಿದಿದೆ.

ಜಂಪ್ ಕುದುರೆಗಳಲ್ಲಿ ಬಹುಪಾಲು ಬೀಜ ತೆಗೆದವು. ಅವಕ್ಕೆ ತಳಿ ಕೇಂದ್ರದ ದಾರಿ ಇಲ್ಲ. ಮುಂದೆ ಮಕ್ಕಳ ಮೂಲಕ ಬರುವ ಹಣವಿಲ್ಲ. ಇರುವುದೊಂದೇ, ಓಡುವುದು. ಬೇಲಿ ಹಾರುವ ವಿದ್ಯೆ ಕಲಿತು ಪಳಗುವುದಕ್ಕೂ ವರ್ಷಗಳು ಬೇಕು. ಎಂಟರಿಂದ ಹತ್ತು ಅವುಗಳ ಒಳ್ಳೆಯ ವಯಸ್ಸು. ಡೆಸರ್ಟ್ ಆರ್ಕಿಡ್ ಎಂಬ ಬಿಳಿ ಕುದುರೆ 70 ಬಾರಿ ಓಡಿ 34 ಬಾರಿ ಗೆದ್ದಿತು. ರೆಡ್ ರಮ್ ಜಂಪ್ ರೇಸುಗಳಲ್ಲೇ ನೂರು ಬಾರಿ ಓಡಿತು. ಪ್ರತಿ ಚಳಿಗಾಲ ಬಂದಾಗ ಅದೇ ಕುದುರೆ, ಅದೇ ಬಣ್ಣ, ಅದೇ ಹಟಮಾರಿತನ. ಶಾಲೆಗೆ ಹೋಗುತ್ತಿದ್ದ ಹುಡುಗ ಕೆಲಸಕ್ಕೆ ಸೇರುವ ಹೊತ್ತಿಗೂ ಆ ಕುದುರೆ ಓಡುತ್ತಲೇ ಇರುತ್ತದೆ.

ವಂಶವಿಲ್ಲದ ಕುದುರೆಗೆ ಹೆಸರು ಉಳಿಯಿತು. ವಂಶ ಬೆಳೆಸಿದ ಕುದುರೆಗೆ ಉಳಿದದ್ದು ಹೆಚ್ಚಾಗಿ ವಂಶಾವಳಿಯ ಪುಟ. ಈ ವಿಚಿತ್ರವನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಹಣದ ಲೆಕ್ಕ ಒಂದು ಕಡೆ ಕುದುರೆಯನ್ನು ಜನರಿಂದ ಬೇಗ ಕಿತ್ತುಕೊಂಡಿತು, ಇನ್ನೊಂದು ಕಡೆ ಜನರ ಬಳಿಯೇ ಬಿಟ್ಟಿತು.

ಮೂರು ಕುದುರೆಗಳು

ಐರ್ಲೆಂಡಿನ ಆರ್ಕಲ್ 1964, 1965, 1966ರಲ್ಲಿ ಸತತ ಮೂರು ಬಾರಿ ಚೆಲ್ಟನಮ್ ಗೋಲ್ಡ್ ಕಪ್ ಗೆದ್ದಿತು. ಜಂಪ್ ರೇಸಿನಲ್ಲಿ ಗ್ರ್ಯಾಂಡ್ ನ್ಯಾಷನಲ್ ಜನಪ್ರಿಯ ಜಾತ್ರೆಯಾದರೆ ಗೋಲ್ಡ್ ಕಪ್ ನಿಜವಾದ ಯೋಗ್ಯತೆಯ ಪರೀಕ್ಷೆ. ಆರ್ಕಲ್ ಎಷ್ಟು ಮುಂದಿತ್ತೆಂದರೆ ಐರ್ಲೆಂಡಿನಲ್ಲಿ ಕುದುರೆಗಳಿಗೆ ಭಾರ ಹೊರಿಸುವ ಪಟ್ಟಿಯನ್ನು ಎರಡು ಬಗೆಯಾಗಿ ತಯಾರಿಸಬೇಕಾಯಿತು: ಆರ್ಕಲ್ ಓಡಿದರೆ ಒಂದು, ಓಡದಿದ್ದರೆ ಇನ್ನೊಂದು. ಐರಿಷ್ ಜನ ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಯ ಯಜಮಾನನನ್ನು ‘ಅವರು’ ಎನ್ನುವಂತೆ, ಅವರೂ ಆ ಅರ್ಥದ ಒಂದು ಮಾತಿನಲ್ಲಿ ಸೂಚಿಸುತ್ತಿದ್ದರು. ಆ ಒಂದು ಪದ ಮತ್ತು ದೇಶದ ಹೆಸರು ಬರೆದ ಕಾಗದಗಳು ಸರಿಯಾಗಿ ಅದರ ಲಾಯಕ್ಕೆ ಬಂದು ಸೇರುತ್ತಿದ್ದವಂತೆ. 1966ರ ಡಿಸೆಂಬರ್‌ನಲ್ಲಿ ಲಂಡನ್ ಹತ್ತಿರದ ಕೆಂಪ್ಟನ್‌ನಲ್ಲಿ ಓಡುವಾಗ ಅದರ ಪಾದದ ಮೂಳೆ ಮುರಿಯಿತು. ಆ ಕಾಲಿನಲ್ಲೇ ಓಟ ಮುಗಿಸಿ ಎರಡನೆಯದಾಗಿ ಬಂತು. ಮತ್ತೆ ಓಡಲಿಲ್ಲ.

ರೆಡ್ ರಮ್‌ನ ಕತೆ ಇನ್ನೂ ಬಡವರ ಮನೆಯದು. ಅದನ್ನು ಬೆಳೆಸಿದ್ದು ಫ್ಲಾಟ್ ರೇಸಿಗೆ, ಅದರಲ್ಲೂ ಕಡಿಮೆ ದೂರದ ಓಟಕ್ಕೆ. 1967ರಲ್ಲಿ ಏನ್‌ಟ್ರೀಯಲ್ಲೇ ಐದು ಫರ್ಲಾಂಗಿನ ಒಂದು ಅಗ್ಗದ ರೇಸಿನಲ್ಲಿ ಮೊದಲ ಬಾರಿ ಓಡಿ ಸಮಸಮವಾಗಿ ಗೆದ್ದಿತ್ತು. ಆಮೇಲೆ ಕೈಯಿಂದ ಕೈಗೆ ಮಾರಾಟವಾಯಿತು. ಕಾಲಿನ ಮೂಳೆಗೆ ರೋಗ ಬಂತು. 1972ರಲ್ಲಿ 6,000 ಗಿನಿಗೆ ಕೊಂಡವರು ಅದನ್ನು ಜಿಂಜರ್ ಮೆಕೇನ್ ಎಂಬವರ ಕೈಗೆ ಒಪ್ಪಿಸಿದರು. ಮೆಕೇನ್ ಟ್ಯಾಕ್ಸಿ ಓಡಿಸಿ, ಕಾರು ಮಾರಿ ಬದುಕಿದ ಮನುಷ್ಯ. ಅವರ ಲಾಯ ಇದ್ದದ್ದು ಸೌತ್‌ಪೋರ್ಟ್ ಪಟ್ಟಣದ ಕಾರು ಅಂಗಡಿಯ ಹಿಂದೆ. ಕುದುರೆಯನ್ನು ಸಮುದ್ರದ ದಂಡೆಯ ಮರಳಲ್ಲಿ ಓಡಿಸಿದರು, ಉಪ್ಪುನೀರಿನಲ್ಲಿ ನಡೆಸಿದರು. ಕಾಲು ಸುಧಾರಿಸಿತು.

1973ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಸ್ಪ್ ಎಂಬ ಕುದುರೆ 76 ಕಿಲೋ ಭಾರ ಹೊತ್ತು ಉಳಿದೆಲ್ಲ ಕುದುರೆಗಳನ್ನು ಬಹುದೂರ ಬಿಟ್ಟು ಓಡಿತು. ಕೊನೆಯ ಬೇಲಿ ಹಾರಿದ ಮೇಲೂ ಅದೇ ಮುಂದು. ಆದರೆ ಕಾಲಲ್ಲಿ ಕಸುವು ಉಳಿದಿರಲಿಲ್ಲ. ಹತ್ತು ಕಿಲೋ ಕಡಿಮೆ ಹೊತ್ತಿದ್ದ ರೆಡ್ ರಮ್ ಕೊನೆಯ ಹೆಜ್ಜೆಗಳಲ್ಲಿ ಹಿಡಿದು, ಮುಕ್ಕಾಲು ಉದ್ದದಲ್ಲಿ ಗೆದ್ದಿತು. ಎರಡೂ ಕುದುರೆಗಳು ಹಳೆಯ ದಾಖಲೆಗಿಂತ 18 ಸೆಕೆಂಡ್ ಬೇಗ ಬಂದಿದ್ದವು. ಅಂದು ಕ್ರಿಸ್ಪ್‌ಗಾಗಿ ಕಣ್ಣೀರು ಹಾಕಿದವರು ಬಹಳ. ಸೋತ ಕುದುರೆಯನ್ನು 50 ವರ್ಷ ನೆನಪಿಟ್ಟುಕೊಳ್ಳುವುದು ಈ ಅಭಿಮಾನಿಗಳ ಗುಣ. ರೆಡ್ ರಮ್ 1974ರಲ್ಲಿ ಮತ್ತೆ ಗೆದ್ದಿತು, 1975 ಮತ್ತು 1976ರಲ್ಲಿ ಎರಡನೆಯದಾಗಿ ಬಂತು, 1977ರಲ್ಲಿ ಮೂರನೇ ಬಾರಿ ಗೆದ್ದಿತು. ಆ ವರ್ಷಗಳಲ್ಲಿ ಏನ್‌ಟ್ರೀ ಮೈದಾನವೇ ಮಾರಾಟವಾಗಿ ಹೋಗುವ ಸ್ಥಿತಿಯಲ್ಲಿತ್ತು. 1983ರಲ್ಲಿ ಸಾರ್ವಜನಿಕರ ವಂತಿಗೆಯೂ ಸೇರಿ ಅದು ಉಳಿಯಿತು. ಜನರ ಮನಸ್ಸಿನಲ್ಲಿ ಆ ರೇಸನ್ನು ಜೀವಂತವಾಗಿಟ್ಟದ್ದು ರೆಡ್ ರಮ್.

ಮೂರನೆಯದು ಡೆಸರ್ಟ್ ಆರ್ಕಿಡ್. 1989ರ ಗೋಲ್ಡ್ ಕಪ್ ದಿನ ಚೆಲ್ಟನಮ್‌ನಲ್ಲಿ ಹಿಮ ಬಿದ್ದು, ಮಳೆ ಹೊಯ್ದು ನೆಲವೆಲ್ಲ ರಾಡಿ. ಈ ಕುದುರೆಗೆ ಆ ಕೆಸರು ಒಗ್ಗದು, ಎಡಕ್ಕೆ ತಿರುಗುವ ಆ ಮೈದಾನವೂ ಒಗ್ಗದು. ಕೊನೆಯ ಬೇಲಿಯ ಹೊತ್ತಿಗೆ ಯಾಹೂ ಎಂಬ ಕುದುರೆ ಇದಕ್ಕೆ ಸವಾಲು ಹಾಕುತ್ತಿತ್ತು. ಬಿಳಿ ಕುದುರೆ ಬಿಡಲಿಲ್ಲ; ಒಂದೂವರೆ ಉದ್ದದಲ್ಲಿ ಗೆದ್ದಿತು. ರೇಸಿಂಗ್ ಪೋಸ್ಟ್ ಪತ್ರಿಕೆಯ ಓದುಗರು ಮುಂದೆ ಅದನ್ನು ಎಲ್ಲ ಕಾಲದ ಶ್ರೇಷ್ಠ ರೇಸು ಎಂದು ಆರಿಸಿದರು. ಗಮನಿಸಿ, ವೇಗಕ್ಕಾಗಿ ಅಲ್ಲ. ತನಗೆ ಹಿಡಿಸದ ಕಡೆಯಲ್ಲೂ ಸೋಲೊಪ್ಪದ ಗುಣಕ್ಕಾಗಿ.

ಫ್ಲಾಟ್‌ನವರ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ಫ್ಲಾಟ್ ಅಭಿಮಾನಿಗೆ ಅನ್ಯಾಯ ಮಾಡಿದಂತೆ. ಅವನ ವಾದವೂ ಗಟ್ಟಿ. ‘ಕುದುರೆ ಹುಟ್ಟಿರುವುದು ಓಡುವುದಕ್ಕೆ. ಆ ಓಟದ ಪರಿಶುದ್ಧ ರೂಪ ನೋಡಬೇಕಾದರೆ ಫ್ಲಾಟ್‌ಗೇ ಬರಬೇಕು’ ಎನ್ನುತ್ತಾನೆ. 2011ರ 2000 ಗಿನೀಸ್ ರೇಸಿನಲ್ಲಿ ಫ್ರಾಂಕೆಲ್ ಮೊದಲ ಹೆಜ್ಜೆಯಿಂದಲೇ ಉಳಿದ ಕುದುರೆಗಳನ್ನು ಬಿಟ್ಟು ಓಡಿದ್ದನ್ನು ಕಂಡವರು ಆ ಮಾತನ್ನು ಅಲ್ಲಗಳೆಯಲಾರರು. ಎರಡು ನಿಮಿಷದೊಳಗೆ ಮುಗಿದುಹೋಗುವ ಸೌಂದರ್ಯ ಅದು. ತಾತ, ತಂದೆ, ಮಗ ಎಂದು ವಂಶಾವಳಿಯ ಜಾಡು ಹಿಡಿದು, ಈ ಮರಿಯಲ್ಲಿ ಯಾವ ಅಜ್ಜನ ಗುಣ ಇಳಿದಿದೆ ಎಂದು ಲೆಕ್ಕ ಹಾಕುವುದೂ ಅವನಿಗೆ ಒಂದು ಆನಂದ.

ಆದರೆ ಫ್ರಾಂಕೆಲ್ ಮೇಲೆ ಜನ ಇಟ್ಟ ಪ್ರೀತಿಗೆ ಇನ್ನೊಂದು ಕಾರಣವಿತ್ತು. ಮೂರನೇ ವಯಸ್ಸಿಗೇ ಅದನ್ನು ತಳಿ ಕೇಂದ್ರಕ್ಕೆ ಕಳಿಸಬಹುದಿತ್ತು. ಒಡೆಯ ಖಾಲಿದ್ ಅಬ್ದುಲ್ಲಾ ಇನ್ನೊಂದು ವರ್ಷ ಓಡಿಸಿದರು. ತರಬೇತುದಾರ ಹೆನ್ರಿ ಸೆಸಿಲ್ ಆಗ ಕ್ಯಾನ್ಸರ್ ಹಿಡಿದು ಕೃಶವಾಗಿದ್ದರು. ಮಾತನಾಡಲು ದನಿ ಬರುತ್ತಿರಲಿಲ್ಲ. 2012ರಲ್ಲಿ ಕುದುರೆ ನಿವೃತ್ತವಾಯಿತು, 2013ರ ಜೂನ್‌ನಲ್ಲಿ ಸೆಸಿಲ್ ತೀರಿಕೊಂಡರು. ಹಾಗೆಯೇ 2006ರಿಂದ 2009ರವರೆಗೆ ಸತತ ನಾಲ್ಕು ಬಾರಿ ಆಸ್ಕಟ್ ಗೋಲ್ಡ್ ಕಪ್ ಗೆದ್ದ ಯೇಟ್ಸ್ ಕುದುರೆಗೆ ಆಸ್ಕಟ್‌ನಲ್ಲಿ ಪ್ರತಿಮೆಯೇ ಇದೆ. ಅಂದರೆ ಫ್ಲಾಟ್‌ನಲ್ಲೂ ಯಾವ ಕುದುರೆ ಉಳಿದು ಮರಳಿ ಬಂತೋ ಅದನ್ನು ಜನ ಹಚ್ಚಿಕೊಂಡರು. ಬೇಲಿ ಇರುವುದು, ಇಲ್ಲದಿರುವುದು ಆಮೇಲಿನ ಮಾತು. ಪರಿಚಯ ಬೆಳೆಯಲು ಕಾಲ ಸಿಕ್ಕಿತೇ ಎಂಬುದು ಮೊದಲ ಮಾತು.

ತಾಯಿ ಒಂದು ಕಡೆ, ಮಗಳು ಒಂದು ಕಡೆ

ಈ ಎರಡು ಬಣ ಬ್ರಿಟನ್ನಿನ ಅರಮನೆಯೊಳಗೂ ಇದ್ದವು. 1949ರಲ್ಲಿ ರಾಣಿ ಎಲಿಜಬೆತ್ ಮತ್ತು ಆಕೆಯ ಮಗಳು ರಾಜಕುಮಾರಿ ಎಲಿಜಬೆತ್ ಪಾಲಿನಲ್ಲಿ ಮೊನವೀನ್ ಎಂಬ ಜಂಪ್ ಕುದುರೆ ಕೊಂಡರು. ಅದು ಗೆಲ್ಲುತ್ತ ಬಂತು. 1950ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಐದನೆಯದಾಯಿತು. ಹೆಚ್ಚು ಕಾಲ ಕಳೆಯುವ ಮೊದಲೇ ಹರ್ಸ್ಟ್ ಪಾರ್ಕ್‌ನ ರೇಸಿನಲ್ಲಿ ಕಾಲು ಮುರಿದುಕೊಂಡು ಸತ್ತಿತು.

ಮುಂದೆ ಮಗಳು ರಾಣಿಯಾದರು. ತಂದೆಯ ಲಾಯದ ಫ್ಲಾಟ್ ಕುದುರೆಗಳು ಅವರ ಪಾಲಿಗೆ ಬಂದವು. ತಳಿ ಬೆಳೆಸುವುದರಲ್ಲಿ ಅವರು ಪಂಡಿತರೇ ಆದರು. ಐದು ಕ್ಲಾಸಿಕ್ ರೇಸುಗಳಲ್ಲಿ ಡರ್ಬಿ ಒಂದನ್ನು ಬಿಟ್ಟು ಉಳಿದ ನಾಲ್ಕನ್ನೂ ಅವರ ಕುದುರೆಗಳು ಗೆದ್ದವು. ತಾಯಿ ಮಾತ್ರ ಜಂಪ್ ರೇಸನ್ನು ಬಿಡಲಿಲ್ಲ. 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಆಕೆಯ ಡೆವನ್ ಲಾಕ್ ಎಲ್ಲ ಬೇಲಿಗಳನ್ನೂ ಹಾರಿ, ಇನ್ನೇನು 50 ಗಜ ಓಡಿದರೆ ಗೆಲುವು ಎನ್ನುವಾಗ ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಕುಸಿಯಿತು. ಏಕೆಂದು ಇವತ್ತಿಗೂ ಖಚಿತವಿಲ್ಲ. ಆ ಕುದುರೆಯ ಸವಾರ ಡಿಕ್ ಫ್ರಾನ್ಸಿಸ್. ನಮ್ಮಲ್ಲಿ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಸವಾರಿ ಬಿಟ್ಟ ಮೇಲೆ ರೇಸಿನ ಲೋಕವನ್ನೇ ಇಟ್ಟುಕೊಂಡು ಕಾದಂಬರಿ ಬರೆದವರು ಅವರೇ. ಅಂಥ ಸೋಲಿನ ನಂತರವೂ ರಾಣಿತಾಯಿ 2002ರಲ್ಲಿ ತೀರಿಕೊಳ್ಳುವವರೆಗೆ ಜಂಪ್ ಕುದುರೆ ಸಾಕಿದರು. ನಾನೂರಕ್ಕೂ ಹೆಚ್ಚು ಗೆಲುವು ಕಂಡರು.

ಪ್ರೀತಿಗೆ ತೆರುವ ಬೆಲೆ

ಮೊನವೀನ್‌ನ ಸಾವನ್ನು ಹೇಳಿದ್ದು ಸುಮ್ಮನೆ ಅಲ್ಲ. ಇಲ್ಲಿಯವರೆಗೆ ಹೇಳಿದ ಅಭಿಮಾನದ ಇನ್ನೊಂದು ಮುಖ ಇದು. ಬ್ರಿಟನ್ನಿನಲ್ಲಿ ಜಂಪ್ ರೇಸಿನಲ್ಲಿ ಸಾವಿರ ಬಾರಿ ಕುದುರೆ ಓಡಿದರೆ ಸುಮಾರು ನಾಲ್ಕು ಸಾಯುತ್ತವೆ. ಫ್ಲಾಟ್‌ನಲ್ಲಿ ಈ ಸಂಖ್ಯೆ ಒಂದರ ಆಸುಪಾಸು. ಒಂದೊಂದು ಓಟಕ್ಕೆ ನಾಲ್ಕು ಸಣ್ಣ ಸಂಖ್ಯೆ. ವರ್ಷಗಟ್ಟಲೆ ಓಡುವ ಕುದುರೆಗೆ ಸಣ್ಣದಲ್ಲ.

ಡಾನ್ ರನ್ ಎಂಬ ಹೆಣ್ಣು ಕುದುರೆ 1984ರಲ್ಲಿ ಚಾಂಪಿಯನ್ ಹರ್ಡಲ್ ಗೆದ್ದು, 1986ರ ಮಾರ್ಚ್‌ನಲ್ಲಿ ಗೋಲ್ಡ್ ಕಪ್ಪನ್ನೂ ಗೆದ್ದು ಇತಿಹಾಸ ಮಾಡಿತು. ಮೂರು ತಿಂಗಳ ನಂತರ ಪ್ಯಾರಿಸ್‌ನ ರೇಸಿನಲ್ಲಿ ಬಿದ್ದು ಸತ್ತಿತು. 2002ರಿಂದ ಸತತ ಮೂರು ಗೋಲ್ಡ್ ಕಪ್ ಗೆದ್ದ ಬೆಸ್ಟ್ ಮೇಟ್ 2005ರಲ್ಲಿ ಎಕ್ಸೆಟರ್ ಮೈದಾನದಲ್ಲೇ ಕುಸಿದು ಸತ್ತಿತು. 2012ರ ಗೋಲ್ಡ್ ಕಪ್ ಗೆದ್ದ ಸಿಂಕ್ರನೈಸ್ಡ್ ಅದೇ ವರ್ಷದ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಸತ್ತಿತು. ಅದೇ ರೇಸಿನಲ್ಲಿ ಇನ್ನೊಂದು ಕುದುರೆಯೂ ಹೋಯಿತು. ವರ್ಷಗಳಿಂದ ಹೆಸರು ಹಿಡಿದು ಕರೆದ ಕುದುರೆ, ಕಣ್ಣೆದುರೇ ಹಸಿರು ಪರದೆಯ ಹಿಂದೆ ಮರೆಯಾಗುತ್ತದೆ.

ಸವಾರರ ಪಾಡೂ ಬೇರೆಯಲ್ಲ. 1963-64ರಲ್ಲಿ ಇಬ್ಬರು ಜಂಪ್ ಸವಾರರು ಬಿದ್ದು ಅಂಗವಿಕಲರಾದಾಗ ಗಾಯಾಳು ಸವಾರರ ನಿಧಿ ಹುಟ್ಟಿತು. ಅಭಿಮಾನಿಗಳು ಇಂದಿಗೂ ಅದರ ಕ್ರಿಸ್‌ಮಸ್ ಕಾರ್ಡು ಕೊಂಡು ಅದನ್ನು ನಡೆಸುತ್ತಾರೆ. ಆದರೆ ಸವಾರ ತಾನಾಗಿ ಒಪ್ಪಿ ಕುದುರೆ ಏರುತ್ತಾನೆ. ಕುದುರೆಯ ಒಪ್ಪಿಗೆಯನ್ನು ಕೇಳಿದವರು ಯಾರು? ಪ್ರಾಣಿದಯೆಯ ಹೋರಾಟಗಾರರ ಪ್ರಶ್ನೆ ಇದೇ. 2023ರ ಗ್ರ್ಯಾಂಡ್ ನ್ಯಾಷನಲ್ ದಿನ ಅವರು ಮೈದಾನಕ್ಕೆ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು, ರೇಸು ತಡವಾಯಿತು. ಕೊನೆಗೆ ಓಟ ಶುರುವಾದಾಗ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಮೊದಲ ಬೇಲಿಯಲ್ಲೇ ಬಿದ್ದು ಸತ್ತಿತು. ಗಲಾಟೆಯಿಂದ ಕುದುರೆ ಕೆರಳಿತು ಎಂದು ಒಂದು ಕಡೆಯವರು, ರೇಸೇ ಕೊಂದಿತು ಎಂದು ಇನ್ನೊಂದು ಕಡೆಯವರು.

ಇಲ್ಲಿ ಫ್ಲಾಟ್ ಅಭಿಮಾನಿ ‘ನಮ್ಮದರಲ್ಲಿ ಇದಿಲ್ಲ’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಅಲ್ಲಿ ಎರಡು ವರ್ಷದ ಮರಿಯನ್ನೇ ಓಟಕ್ಕೆ ಇಳಿಸುತ್ತಾರೆ. ಒಂದು ಫ್ರಾಂಕೆಲ್ ಸಿಗಲು ಸಾವಿರಾರು ಮರಿ ಹುಟ್ಟಿಸುತ್ತಾರೆ. ವೇಗವಿಲ್ಲದವು ಮಾರಾಟಕ್ಕೆ ಹೋಗುತ್ತವೆ. ಅವುಗಳಲ್ಲಿ ಅದೃಷ್ಟವಿದ್ದವು ಜಂಪ್ ರೇಸಿಗೆ ಬಂದು ಬದುಕುತ್ತವೆ. ರೆಡ್ ರಮ್ ಹಾಗೆ ಬಂದದ್ದೇ. 2018, 2019ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಟೈಗರ್ ರೋಲ್ ಕೂಡ ಡರ್ಬಿ ವಿಜೇತನ ಮಗ, ಫ್ಲಾಟ್‌ಗೆಂದು ಬೆಳೆಸಿ ಮಾರಿದ್ದು. ಉಳಿದವು ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆ ಎದ್ದ ಮೇಲೆ, ಬ್ರಿಟನ್ನಿನಲ್ಲಿ ಓಡುವ ಪ್ರತಿ ಕುದುರೆಯನ್ನೂ ಮಾಂಸದ ಬಳಕೆಯಿಂದ ಹೊರಗಿಟ್ಟು ದಾಖಲಿಸಬೇಕೆಂಬ ನಿಯಮ 2022ರಲ್ಲಿ ಬಂತು. ಒಂದರಲ್ಲಿ ಸಾವು ಜನರ ಕಣ್ಣೆದುರು, ಇನ್ನೊಂದರಲ್ಲಿ ಕಣ್ಣಿಗೆ ಬೀಳದ ಕಡೆ.

ಬದಲಾವಣೆಗಳು ಆಗಿಲ್ಲವೆಂದಲ್ಲ. 2012ರ ಸಾವುಗಳ ನಂತರ ಏನ್‌ಟ್ರೀಯ ಬೇಲಿಗಳ ಒಳಗಿನ ಮರದ ಗಟ್ಟಿ ತಿರುಳು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2023ರ ನಂತರ ಓಡುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಕುದುರೆಗಳು ವೇಗ ಹೆಚ್ಚಿಸಿಕೊಳ್ಳುವ ಮೊದಲೇ ಮೊದಲ ಬೇಲಿ ಬರಲೆಂದು ಅದನ್ನು 60 ಗಜ ಹತ್ತಿರಕ್ಕೆ ತಂದರು. 2024ರ ರೇಸಿನಲ್ಲಿ 32 ಕುದುರೆ ಓಡಿದವು, ಒಂದೂ ಬೀಳಲಿಲ್ಲ. 2025ರಲ್ಲಿ ತರಬೇತುದಾರ ವಿಲ್ಲಿ ಮಲಿನ್ಸ್ ತನ್ನ ಮಗನೇ ಏರಿದ ನಿಕ್ ರಾಕೆಟ್ ಗೆದ್ದಾಗ ಎಲ್ಲರೆದುರು ಗಳಗಳನೆ ಅತ್ತರು. ಅದೇ ರೇಸಿನಲ್ಲಿ ಕುಸಿದ 13 ವರ್ಷದ ಸೆಲೆಬ್ರ್ ಡಾಲೆನ್ ಕೆಲವು ದಿನಗಳ ನಂತರ ಸತ್ತಿತು. ಆ ಸಂತೋಷದ ಕಣ್ಣೀರು, ಈ ಸಾವು ಎರಡೂ ಒಂದೇ ಮಧ್ಯಾಹ್ನದಲ್ಲಿ ಮೊದಲಾದವು.

ಈ ಪ್ರತಿ ಬದಲಾವಣೆಗೂ ಅಭಿಮಾನಿಗಳಲ್ಲೇ ವಿರೋಧವಿತ್ತು. ಬೇಲಿ ತಗ್ಗಿಸಿದರೆ, ಕುದುರೆ ಕಡಿಮೆ ಮಾಡಿದರೆ ಅದು ಗ್ರ್ಯಾಂಡ್ ನ್ಯಾಷನಲ್ಲೇ ಅಲ್ಲ ಎಂದವರಿದ್ದಾರೆ. ಅಪಾಯವೇ ಇಲ್ಲದಿದ್ದರೆ ಧೈರ್ಯಕ್ಕೆ ಬೆಲೆಯೇನು ಎಂಬುದು ಅವರ ವಾದ. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಜಂಪ್ ರೇಸಿನ ಅಭಿಮಾನಿ ಫ್ಲಾಟ್‌ನವನ ಮುಂದೆ ಎದೆ ತಟ್ಟಿ ಹೇಳುವ ಮಾತು, ‘ನಮಗೆ ಕುದುರೆ ಮುಖ್ಯ, ದುಡ್ಡಲ್ಲ’ ಎಂಬುದು. ಆ ಮಾತು ನಿಜವಾದರೆ ಕುದುರೆ ಮುಂದಿನ ಚಳಿಗಾಲಕ್ಕೂ ಮರಳಿ ಬರಬೇಕು ಎಂದು ಬಯಸುವವರಲ್ಲಿ ಅವನೇ ಮೊದಲಿಗನಾಗಬೇಕು. ಮರಳಿ ಬರುವುದರಿಂದಲೇ ತಾನೆ ಆ ಪ್ರೀತಿ ಹುಟ್ಟಿದ್ದು? ಕಾಟೊ ಸ್ಟಾರ್ ಎಂಬ ಕುದುರೆ 2007ರಲ್ಲಿ ಗೋಲ್ಡ್ ಕಪ್ ಗೆದ್ದು, 2008ರಲ್ಲಿ ಕಳೆದುಕೊಂಡು, 2009ರಲ್ಲಿ ಮತ್ತೆ ಗೆದ್ದಿತು. ಕಳೆದುಕೊಂಡ ಗೋಲ್ಡ್ ಕಪ್ಪನ್ನು ಮರಳಿ ಪಡೆದ ಮೊದಲ ಕುದುರೆ ಅದು. 2011ರಲ್ಲಿ, 11ನೇ ವಯಸ್ಸಿನಲ್ಲಿ, ಮುದುಕಾಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ ಐದನೇ ಬಾರಿ ಕಿಂಗ್ ಜಾರ್ಜ್ ರೇಸು ಗೆದ್ದಿತು. ಜನ ಅದಕ್ಕೆ ಹಾಕಿದ ಜೈಕಾರ ಅಪಾಯಕ್ಕೆ ಹಾಕಿದ್ದಲ್ಲ. ಬದುಕಿ ಮತ್ತೆ ಬಂದದ್ದಕ್ಕೆ ಹಾಕಿದ್ದು.

ಫ್ಲಾಟ್‌ನವರು ಕುದುರೆಯನ್ನು ಬೇಗ ಕಳಿಸಿಬಿಡುತ್ತಾರೆ ಎಂದು ಜಂಪ್‌ನವರ ದೂರು. ಜಂಪ್‌ನವರು ಕುದುರೆಯನ್ನು ಸಾವಿನ ಬಾಯಿಗೆ ಒಡ್ಡುತ್ತಾರೆ ಎಂದು ಫ್ಲಾಟ್‌ನವರ ದೂರು. ಎರಡೂ ನಿಜ. ಎರಡನ್ನೂ ಸರಿಪಡಿಸುವ ಶಕ್ತಿ ಇರುವುದು ಟಿಕೆಟ್ ಕೊಂಡು ಕಟಕಟೆಯ ಬಳಿ ನಿಲ್ಲುವ ಜನರಲ್ಲಿ. ಏನ್‌ಟ್ರೀ ಮೈದಾನವನ್ನು ಹಿಂದೆ ಉಳಿಸಿಕೊಂಡವರಲ್ಲಿ ಅವರೂ ಇದ್ದರು. ಮೈದಾನ ಉಳಿಸಿದವರು ಕುದುರೆಯನ್ನೂ ಉಳಿಸಿಯಾರು ಎಂದು ನಂಬಲು ಕಾರಣವಿದೆ.